ಶೂಟಿಂಗ್ ಕ್ಲಬ್‌ನ ಪತ್ರಿಕೆಗೆ ಲೇಖನ ಬರೆಯುವುದು ಹೇಗೆ: ವಿಷಯ ಹುಡುಕುವಲ್ಲಿಂದ ಪ್ರೂಫ್ ನೋಡುವವರೆಗೆ

ಕ್ಲಬ್‌ನ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದರೆ ನಮ್ಮ ಮಂಗಳೂರು, ಉಡುಪಿ ಕಡೆಯ ಶೂಟರ್‌ಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: "ನನಗೆ ಬರೆಯಲಿಕ್ಕೆಲ್ಲ ಬರುವುದಿಲ್ಲ ಮಾರಾಯ್ರೆ." ಅದೇ ಜನ ಪ್ರಾಕ್ಟೀಸ್ ಮುಗಿಸಿ ಚಹಾ ಕುಡಿಯುವಾಗ ಟ್ರಿಗರ್ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾರೆ. ಆ ಮಾತನ್ನೇ ಕಾಗದಕ್ಕೆ ಇಳಿಸಿದರೆ ಲೇಖನ ಆಯಿತು. ಅದಕ್ಕೊಂದು ಕ್ರಮ ಇದೆ. ಗೊತ್ತಾದರೆ ಕಷ್ಟವೇನೂ ಇಲ್ಲ.

ಇದು ಮಾಡಬೇಕಾದ ಕೆಲಸ ಎಂದು ನಾನು ನಂಬಿದ್ದೇನೆ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ, 2024ರಲ್ಲಿ ಪ್ಯಾರಿಸ್‌ನಲ್ಲಿ ನಮ್ಮ ಶೂಟರ್‌ಗಳಿಗೆ ಮೂರು ಕಂಚು ಬಂದಾಗ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಶೂಟಿಂಗ್ ಇತ್ತು. ಉಳಿದ ದಿನಗಳಲ್ಲಿ ಈ ಆಟದ ಸುದ್ದಿ ಹುಡುಕಿದರೂ ಸಿಗುವುದಿಲ್ಲ. ಆಷಾಢದ ಮಳೆಯಲ್ಲಿ ರೈಫಲ್‌ಗೆ ತುಕ್ಕು ಹಿಡಿಯದ ಹಾಗೆ ಹೇಗೆ ನೋಡಿಕೊಳ್ಳುವುದು ಎಂದು ಕನ್ನಡದಲ್ಲಿ ಬರೆಯುವವರು ನಾವಲ್ಲದೆ ಇನ್ಯಾರು?

ಹಂತ 1: ಯಾರಿಗಾಗಿ ಬರೆಯುತ್ತಿದ್ದೀರಿ?

ನಮ್ಮ ಕಡೆಯ ಕ್ಲಬ್‌ನ ಪತ್ರಿಕೆ ಬೇರೆ ಬೇರೆ ಥರದವರ ಕೈಗೆ ಹೋಗುತ್ತದೆ. 10 ಮೀಟರ್ ಏರ್ ರೈಫಲ್ ಕಲಿಯುತ್ತಿರುವ ಹೈಸ್ಕೂಲ್ ಹುಡುಗಿ, ಅವಳನ್ನು ಬಂಟ್ವಾಳದಿಂದಲೋ ಕಾರ್ಕಳದಿಂದಲೋ ಕರೆತರುವ ಅಪ್ಪ, ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹಿಡಿದು ರುಚಿ ಹತ್ತಿದ ಕಾಲೇಜು ಹುಡುಗ, ಸೈನ್ಯದಿಂದ ನಿವೃತ್ತರಾದವರು, ತೋಟಕ್ಕೆ ಬರುವ ಹಂದಿ ಮಂಗಗಳ ಕಾಟಕ್ಕೆ ಕೋವಿಯ ಲೈಸೆನ್ಸ್ ಇಟ್ಟುಕೊಂಡ ಕೃಷಿಕರು. ಇವರೆಲ್ಲರಿಗೂ ಒಂದೇ ಲೇಖನದಲ್ಲಿ ಬರೆಯಲು ಹೊರಟರೆ ಯಾರಿಗೂ ತಲುಪುವುದಿಲ್ಲ. ಒಬ್ಬರನ್ನು ಆರಿಸಿಕೊಳ್ಳಿ. ಮಗಳಿಗೆ ಶೂಟಿಂಗ್ ಜಾಕೆಟ್ ಕೊಡಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಆ ಅಪ್ಪನಿಗೆ ಬರೆಯುತ್ತೇನೆ ಅಂದುಕೊಂಡರೆ ಯಾವ ಪದ ಬಳಸಬೇಕು, ಯಾವುದನ್ನು ಬಿಡಿಸಿ ಹೇಳಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಕನ್ನಡದಲ್ಲೇ ಬರೆಯಿರಿ. ಕ್ಲಬ್ ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ, ಲೇಖನವೂ ಹಾಗೇ ಇರಲಿ ಎಂಬ ಅಭ್ಯಾಸ ಹಲವರಿಗಿದೆ. ಆದರೆ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಹೊರಟಿದ್ದು ಇದೇ ಊರಿನಿಂದ ಅಲ್ವಾ? ರೇಂಜ್, ಲೇನ್, ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು), ಟ್ರಿಗರ್, ಗ್ರೂಪಿಂಗ್ (ಗುಂಡುಗಳು ಎಷ್ಟು ಒತ್ತಾಗಿ ಬಿದ್ದಿವೆ ಎಂಬುದು), ಸೈಟ್ (ಗುರಿ ನೋಡುವ ಭಾಗ) ಎಂಬ ಮಾತುಗಳು ಹಾಗೇ ಇರಲಿ. ಅವಕ್ಕೆ ಹೊಸ ಕನ್ನಡ ಪದ ಹುಟ್ಟಿಸಲು ಹೋದರೆ ಪಕ್ಕದ ಲೇನಿನವರಿಗೂ ಅರ್ಥವಾಗಲಿಕ್ಕಿಲ್ಲ.

ಹಂತ 2: ನಿಮ್ಮ ಹತ್ತಿರವೇ ಇರುವ ವಿಷಯ ಹುಡುಕಿ

'ಶೂಟಿಂಗ್ ಕ್ರೀಡೆಯ ಇತಿಹಾಸ' ಬರೆಯಬೇಡಿ. ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಕರಾವಳಿಯಲ್ಲಿ ಶೂಟಿಂಗ್ ಮಾಡುವವರಿಗೆ ಮಾತ್ರ ಗೊತ್ತಿರುವ ಸಂಗತಿಗಳು ಬೇಕಾದಷ್ಟಿವೆ.

ಮಳೆಗಾಲವನ್ನೇ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೇಪರ್ ಟಾರ್ಗೆಟ್ ತೇವ ಹೀರಿ ಮೆತ್ತಗಾಗುತ್ತದೆ. ಪೆಲೆಟ್ ಹೋದ ತೂತಿನ ಅಂಚು ಚೊಕ್ಕವಾಗಿರುವುದಿಲ್ಲ, ಹರಿಯುತ್ತದೆ. ಗೆರೆ ಮುಟ್ಟಿತೋ ಇಲ್ಲವೋ ಎಂಬ ಚರ್ಚೆ ಶುರುವಾಗುತ್ತದೆ, ತೂತು ಅಳೆಯುವ ಗೇಜ್ ಹಾಕಿ ನೋಡಬೇಕಾಗುತ್ತದೆ. ಕ್ಯಾನ್ವಾಸ್ ಜಾಕೆಟ್ಟಿಗೆ ಬೂಷ್ಟು ಹಿಡಿಯುತ್ತದೆ. ಬ್ಯಾರೆಲ್ ಮೇಲೆ ಬೆವರಿನ ಕೈ ಮುಟ್ಟಿದ ಜಾಗದಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಹ್ಯಾಂಡ್ ಪಂಪ್‌ನಿಂದ ಏರ್ ರೈಫಲ್‌ನ ಗಾಳಿ ಸಿಲಿಂಡರ್ ತುಂಬಿಸುವವರಿಗೆ ಗಾಳಿಯ ಜೊತೆ ತೇವವೂ ಒಳಗೆ ಹೋಗುವ ಚಿಂತೆ. ಇದರಲ್ಲಿ ಒಂದೊಂದೂ ಒಂದು ಲೇಖನ. ನೀವು ಸಿಲಿಕಾ ಜೆಲ್ ಇಡುತ್ತೀರೋ, ಕಪಾಟಿನಲ್ಲಿ ಸಣ್ಣ ಬಲ್ಬ್ ಉರಿಸುತ್ತೀರೋ, ಯಾವ ಎಣ್ಣೆ ಒರೆಸುತ್ತೀರಿ, ಎಷ್ಟು ದಿನಕ್ಕೊಮ್ಮೆ ತೆಗೆದು ನೋಡುತ್ತೀರಿ ಎಂದು ಬರೆದರೆ ಸಾಕು. ಉಡುಪಿಯ ಸದಸ್ಯರು ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಪ್ರಯಾಣ ಇನ್ನೊಂದು. ಬೆಂಗಳೂರಿನ ಸ್ಪರ್ಧೆಗೆ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಹೋಗಿ, ನಿದ್ದೆಯಿಲ್ಲದ ಕಣ್ಣಲ್ಲಿ ಮೊದಲ ರಿಲೇಗೆ (ಸ್ಪರ್ಧಿಗಳ ಮೊದಲ ತಂಡದ ಸರದಿಗೆ) ನಿಲ್ಲುವುದು ಏನೆಂದು ಬೆಂಗಳೂರಿನವರಿಗೆ ಗೊತ್ತಿಲ್ಲ. ರೈಫಲ್ ಪೆಟ್ಟಿಗೆಯನ್ನು ಎಲ್ಲಿ ಇಟ್ಟಿರಿ? ಯಾವ ಕಾಗದ ಜೊತೆಗಿತ್ತು? ಒಂದು ದಿನ ಮೊದಲೇ ಹೋಗಿದ್ದರೆ ಎಷ್ಟು ಖರ್ಚು, ಸ್ಕೋರಿನಲ್ಲಿ ಏನು ವ್ಯತ್ಯಾಸ? ಇದನ್ನು ಓದಿ ಮುಂದಿನ ವರ್ಷ ಹೋಗುವ ಜೂನಿಯರ್ ಒಬ್ಬ ತಯಾರಾಗುತ್ತಾನೆ.

ಹಿರಿಯರ ಸಂದರ್ಶನ ಎಂದೂ ಹಳತಾಗುವುದಿಲ್ಲ. 2018ರಿಂದ ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಮಹಿಳೆಯರಿಗೂ ಪುರುಷರಷ್ಟೇ 60 ಶಾಟ್ ಬಂತು. ಅದಕ್ಕೆ ಮೊದಲು 10 ಮೀಟರ್‌ನಲ್ಲಿ ಅವರಿಗೆ 40 ಇತ್ತು. ಎರಡೂ ಕಾಲದಲ್ಲಿ ಆಡಿದ ಮಹಿಳೆಯರು ನಿಮ್ಮ ಕ್ಲಬ್‌ನಲ್ಲಿದ್ದರೆ ಅವರನ್ನು ಕೇಳಿ: ಕೊನೆಯ 20 ಶಾಟ್‌ಗೆ ಬೆನ್ನು, ಕಣ್ಣು, ಮನಸ್ಸು ಏನು ಹೇಳಿತು? ಕೊಡಗಿನ ಮೂಲದವರಿದ್ದರೆ ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿ ಗುರಿಯ ಬಗ್ಗೆ ಬರೆಸಿ. ಕೃಷಿಕ ಸದಸ್ಯರಿದ್ದರೆ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುವ ಅನುಭವ, ವಿನಾಯಿತಿಗೆ ಅರ್ಜಿ ಹಾಕಿದ ಕ್ರಮ. ನಮ್ಮ ಜಿಲ್ಲೆಗಳಲ್ಲಿ ಇದು ಸಾವಿರಾರು ಮನೆಗಳ ವಿಷಯ.

ಸ್ಪರ್ಧೆಯ ಹೆಸರಿನ ಹಿಂದೆ ಹೋದರೂ ವಿಷಯ ಸಿಗುತ್ತದೆ. ರಾಷ್ಟ್ರೀಯ ಸ್ಪರ್ಧೆಗೆ ಮೊದಲಿನ ಮೆಟ್ಟಿಲಾದ ಮಾವಳಂಕರ್ ಚಾಂಪಿಯನ್‌ಶಿಪ್‌ಗೆ ಪ್ರತಿ ವರ್ಷ ನಮ್ಮ ಮಕ್ಕಳು ಹೋಗುತ್ತಾರೆ. ಜಿ. ವಿ. ಮಾವಳಂಕರ್ ಲೋಕಸಭೆಯ ಮೊದಲ ಸ್ಪೀಕರ್, 1951ರಲ್ಲಿ ಶುರುವಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ ಸ್ಥಾಪಕ ಅಧ್ಯಕ್ಷ ಎಂದು ಎಷ್ಟು ಮಕ್ಕಳಿಗೆ ಗೊತ್ತು?

ಹಂತ 3: ಬರೆಯುವ ಮೊದಲು ಸಂಪಾದಕರಿಗೆ ಮೂರು ಸಾಲು

ಏನು ಬರೆಯುತ್ತೀರಿ, ಯಾರಿಗೆ ಉಪಯೋಗ, ಯಾವಾಗ ಕೊಡುತ್ತೀರಿ. ಇಷ್ಟನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಉತ್ತರ ಬಂದ ಮೇಲೆ ಶುರು ಮಾಡಿ. ಅದೇ ವಿಷಯವನ್ನು ಬೇರೆಯವರು ಆಗಲೇ ಬರೆಯುತ್ತಿರಬಹುದು.

ಎಷ್ಟು ಉದ್ದ ಬೇಕೆಂದು ಕೇಳಿಕೊಳ್ಳಿ. ಮಡಚಿ ಪಿನ್ ಹೊಡೆದ ಪತ್ರಿಕೆಯಲ್ಲಿ ಪುಟಗಳು ನಾಲ್ಕರ ಲೆಕ್ಕದಲ್ಲೇ ಬರುತ್ತವೆ: 16, 20, 24. ನಿಮ್ಮ ಲೇಖನ ಒಂದು ಪುಟ ಜಾಸ್ತಿಯಾದರೆ ಸಂಪಾದಕರು ಬೇರೆಯವರದ್ದನ್ನು ಕತ್ತರಿಸಬೇಕು, ಇಲ್ಲವೇ ನಾಲ್ಕು ಪುಟ ಸೇರಿಸಿ ಮುದ್ರಣದ ಖರ್ಚು ಏರಿಸಬೇಕು. ಒಂದು ಫೋಟೋ ಇರುವ ಪುಟಕ್ಕೆ 350 ಪದದ ಆಸುಪಾಸು ಲೆಕ್ಕ ಹಿಡಿಯಿರಿ. ಮೊದಲ ಸಲ ಬರೆಯುವವರಿಗೆ ಎರಡು ಪುಟ ಹದವಾದ ಅಳತೆ.

ಹಂತ 4: ಸಾಮಗ್ರಿ ಕೂಡಿಹಾಕಿ

ನೆನಪಿನಿಂದ ಬರೆದರೆ ಲೇಖನ ತೆಳ್ಳಗಾಗುತ್ತದೆ. ಶೂಟಿಂಗ್ ಡೈರಿ ಇಡುವ ಅಭ್ಯಾಸ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಇವತ್ತೇ ಒಂದು ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಳ್ಳಿ. ದಿನಾಂಕ, ಬೆಳಕು, ಸೆಕೆ ಇತ್ತೋ ಮಳೆ ಇತ್ತೋ, ಯಾವ ಪೆಲೆಟ್, ಸೈಟಿನಲ್ಲಿ ಎಷ್ಟು ಕ್ಲಿಕ್ ತಿರುಗಿಸಿದಿರಿ, ಸೀರೀಸ್‌ವಾರು (ಹತ್ತು ಹತ್ತು ಶಾಟ್‌ಗಳ) ಸ್ಕೋರ್, ತಪ್ಪಿದ ಶಾಟ್ ಯಾಕೆ ತಪ್ಪಿತು ಅನಿಸಿತು. ಹಳೆಯ ಟಾರ್ಗೆಟ್ ಕಾರ್ಡ್‌ಗಳನ್ನು ಬಿಸಾಡಬೇಡಿ. ಒಳ್ಳೆಯ ಗ್ರೂಪಿಂಗ್ ಇರುವ ಕಾರ್ಡಿಗಿಂತ ಎಡಕ್ಕೆ ಚದುರಿದ ಕಾರ್ಡ್ ಲೇಖನಕ್ಕೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾಕೆ ಎಡಕ್ಕೆ ಹೋಯಿತು ಎಂದು ಹುಡುಕಿದ ದಾರಿಯೇ ಕಥೆ.

ಬೇರೆಯವರ ಜೊತೆ ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಬಹುದು, ಆದರೆ ಕೇಳಿಯೇ ಮಾಡಿ. ನಮ್ಮಲ್ಲಿ ಮಾತು ತುಳು, ಕೊಂಕಣಿ, ಬ್ಯಾರಿಯಲ್ಲಿ ನಡೆಯುವುದು ಸಹಜ. ಬರಹ ಕನ್ನಡದಲ್ಲಿರಲಿ, ಆದರೆ ತೂಕದ ಮಾತು ಬಂದಲ್ಲಿ ಅವರ ಭಾಷೆಯ ಒಂದು ಸಾಲನ್ನು ಹಾಗೇ ಬಿಡಿ. ಟ್ರಿಗರ್ ಎಳೆಯುವ ಹುಡುಗನಿಗೆ ಕೋಚ್ ತುಳುವಿನಲ್ಲಿ "ಅರ್ಜೆಂಟ್ ಮಲ್ಪೊಡ್ಚಿ" (ಅವಸರ ಮಾಡಬೇಡ) ಅಂದರೆ ಅದರಲ್ಲಿ ಅವರ ದನಿ ಕೇಳುತ್ತದೆ. "ಯಾವಾಗ ಶುರು ಮಾಡಿದಿರಿ, ಸ್ಫೂರ್ತಿ ಯಾರು" ಎಂಬ ಪ್ರಶ್ನೆಗಳಿಗೆ ಎಲ್ಲರದ್ದೂ ಒಂದೇ ಉತ್ತರ. ಅದರ ಬದಲು "ನಿಮ್ಮ ಶೂಟಿಂಗ್ ಬ್ಯಾಗ್ ಬಿಚ್ಚಿ ತೋರಿಸ್ತೀರಾ ಸರ್?" ಎಂದು ಕೇಳಿ ನೋಡಿ. ಒಂದೊಂದು ವಸ್ತು ಹೊರಗೆ ಬಂದ ಹಾಗೆ ಒಂದೊಂದು ಸಂಗತಿಯೂ ಬರುತ್ತದೆ.

ಹಂತ 5: ಬರೆಯಲು ಕೂತಾಗ

ಕ್ಲಬ್ ಪತ್ರಿಕೆಗೆ ಜಾಸ್ತಿ ಬರುವ ಬರಹ ಸ್ಪರ್ಧೆಯ ವರದಿ. ಅದರ ಶುರು ಬಹುತೇಕ ಹೀಗಿರುತ್ತದೆ:

"ನಮ್ಮ ಕ್ಲಬ್‌ನ ವಾರ್ಷಿಕ ಸ್ಪರ್ಧೆಯು ಬಹಳ ವಿಜೃಂಭಣೆಯಿಂದ ನೆರವೇರಿತು. ಗಣ್ಯರು ದೀಪ ಬೆಳಗಿಸಿ ಉದ್ಘಾಟಿಸಿದರು."

ಇಲ್ಲಿ ಆಟವೇ ಇಲ್ಲ. ಅದೇ ವರದಿಯನ್ನು ಆಟದ ನಡುವಿನಿಂದ ಶುರು ಮಾಡಿದರೆ ಹೀಗಾಗಬಹುದು:

"ಏರ್ ಪಿಸ್ತೂಲಿನಲ್ಲಿ ನಾಲ್ಕು ಸೀರೀಸ್ ಮುಗಿದಾಗ ಇಬ್ಬರದ್ದೂ 372. ಐದನೇ ಸೀರೀಸಿನ ಮೂರನೇ ಶಾಟ್‌ಗೆ ಕರೆಂಟ್ ಹೋಯಿತು. ಜನರೇಟರ್ ಶುರುವಾಗಲು ಏಳು ನಿಮಿಷ. ಒಬ್ಬರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತರು, ಇನ್ನೊಬ್ಬರು ಪದೇ ಪದೇ ಗಡಿಯಾರ ನೋಡಿದರು. ಪಂದ್ಯ ಮತ್ತೆ ಶುರುವಾದ ಮೇಲೆ ಮೊದಲನೆಯವರ ಶಾಟ್ 10, ಎರಡನೆಯವರದ್ದು 7."

ಇದನ್ನು ಓದಿದವರು ಮುಂದಿನ ಸಾಲಿಗೆ ಹೋಗದೆ ಇರುವುದಿಲ್ಲ. ಇಲ್ಲೇ ಒಂದು ನಿಯಮವನ್ನೂ ಸೇರಿಸಬಹುದು: ಶೂಟರ್‌ನ ತಪ್ಪಿಲ್ಲದೆ ಪಂದ್ಯ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಸ್ಕೋರಿನ ಶಾಟ್‌ಗೆ ಮೊದಲು ಮತ್ತೆ ಸೈಟಿಂಗ್ ಶಾಟ್‌ಗೆ (ಲೆಕ್ಕಕ್ಕಿಲ್ಲದ ಅಭ್ಯಾಸದ ಶಾಟ್‌ಗೆ) ಅವಕಾಶ ಇದೆ. ಇಬ್ಬರಲ್ಲಿ ಅದನ್ನು ಬಳಸಿಕೊಂಡವರು ಯಾರು ಎಂದು ಬರೆದರೆ ಜೂನಿಯರ್‌ಗಳಿಗೆ ಅದೇ ಪಾಠ. ದೀಪ ಬೆಳಗಿಸಿದವರ ಹೆಸರು ಕೊನೆಯ ಪ್ಯಾರಾದಲ್ಲಿ ಬರಲಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪೂರ್ತಿ ಫಲಿತಾಂಶ ಪಟ್ಟಿಯಾಗಿ ಪಕ್ಕದಲ್ಲಿರಲಿ. ಲೇಖನದೊಳಗೆ ಸುಮ್ನೆ ಹೆಸರಿನ ಮೇಲೆ ಹೆಸರು ಪೋಣಿಸಿದರೆ ಓದು ನಿಂತುಹೋಗುತ್ತದೆ.

ಕಲಿಸುವ ಲೇಖನವಾದರೆ ಒಂದೇ ತಪ್ಪು, ಒಂದೇ ಪರಿಹಾರ ಸಾಕು. ಸ್ಟಾನ್ಸ್ (ನಿಲ್ಲುವ ಭಂಗಿ), ಉಸಿರು, ಟ್ರಿಗರ್, ಫಾಲೋ ಥ್ರೂ ಎಲ್ಲವನ್ನೂ ಎರಡು ಪುಟಕ್ಕೆ ತುರುಕಬೇಡಿ. ಫಾಲೋ ಥ್ರೂ ಒಂದನ್ನೇ ತೆಗೆದುಕೊಳ್ಳಿ: ಶಾಟ್ ಹೋದ ಮೇಲೂ ಒಂದೆರಡು ಸೆಕೆಂಡ್ ಸೈಟ್ ಬಿಡದೆ ನೋಡುತ್ತಿರುವುದು. ಅದನ್ನು ಮನೆಯಲ್ಲಿ ಡ್ರೈ ಫೈರಿಂಗ್‌ನಿಂದ (ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸದಿಂದ) ಹೇಗೆ ರೂಢಿಸಿಕೊಂಡಿರಿ, ಕಾರ್ಡಿನಲ್ಲಿ ಏನು ಬದಲಾಯಿತು ಎಂದು ಬರೆಯಿರಿ. ಬರೆದ ಮೇಲೆ ಗಟ್ಟಿಯಾಗಿ ಓದಿ. ಉಸಿರು ಕಟ್ಟುವ ವಾಕ್ಯವನ್ನು ಎರಡು ಮಾಡಿ.

ಹಂತ 6: ಅಂಕಿಗಳನ್ನು ಎರಡು ಸಲ ನೋಡಿ

ನಮ್ಮ ಆಟ ನಿಂತಿರುವುದೇ ಅಂಕಿಯ ಮೇಲೆ. ಆದ್ದರಿಂದ ಒಂದು ದಶಮಾಂಶ ಆಚೀಚೆಯಾದರೂ ಓದುಗರಿಗೆ ಗೊತ್ತಾಗುತ್ತದೆ. ಅಂಕಿಯನ್ನು ಕೊಡುವಾಗ ಅದರ ಅರ್ಥವನ್ನೂ ಕೊಡಿ. ಉದಾಹರಣೆಗೆ 10.9 ಅಂದರೆ ಏನು? 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ 10ರ ಚುಕ್ಕೆಯ ವ್ಯಾಸ ಬರೀ 0.5 ಮಿಲಿಮೀಟರ್. ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರ್. ಪೆಲೆಟ್ಟಿನ ಅಂಚು ಆ ಚುಕ್ಕೆಯನ್ನು ಮುಟ್ಟಿದರೆ ಸಾಕು, 10 ಸಿಗುತ್ತದೆ. ಅಂದರೆ ಪೆಲೆಟ್ಟಿನ ನಡು ಟಾರ್ಗೆಟ್ಟಿನ ನಡುವಿನಿಂದ 2.5 ಮಿಲಿಮೀಟರ್ ಒಳಗಿರಬೇಕು. ಅಲ್ಲಿಂದ ಒಳಕ್ಕೆ ಪ್ರತಿ ಕಾಲು ಮಿಲಿಮೀಟರ್‌ಗೆ 0.1 ಏರುತ್ತದೆ. 10.9 ಬೇಕಿದ್ದರೆ ನಡುವಿನಿಂದ ಕಾಲು ಮಿಲಿಮೀಟರ್ ಒಳಗೇ ಹೊಡೆಯಬೇಕು. ಇಷ್ಟು ಹೇಳಿದರೆ ಶೂಟಿಂಗ್ ಗೊತ್ತಿಲ್ಲದ ಅಮ್ಮನಿಗೂ ಮಗಳ 10.4 ಏನೆಂದು ತಿಳಿಯುತ್ತದೆ.

ಬೇರೆ ಬೇರೆ ಕಾಲದ ಸ್ಕೋರ್ ಹೋಲಿಸುವಾಗ ಜಾಗ್ರತೆ. ಬಿಂದ್ರಾ ಚಿನ್ನ ಗೆದ್ದ 700.5ರಲ್ಲಿ ಅರ್ಹತಾ ಸುತ್ತಿನ 596 ಮತ್ತು ಫೈನಲ್‌ನ 104.5 ಎರಡೂ ಸೇರಿವೆ. ಈಗ ಫೈನಲ್ ಸೊನ್ನೆಯಿಂದ ಶುರು. ಪ್ಯಾರಿಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನ ಕಂಚು ಗೆದ್ದ 221.7 ಫೈನಲ್‌ನ 22 ಶಾಟ್‌ಗಳದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಮಾತಾಡಿದರೆ ಓದುಗರು ದಾರಿ ತಪ್ಪುತ್ತಾರೆ. ಅರ್ಹತಾ ಸುತ್ತಿನಲ್ಲೂ ಹಾಗೆಯೇ: ಏರ್ ರೈಫಲ್‌ನಲ್ಲಿ ಈಗ ದಶಮಾಂಶ ಲೆಕ್ಕ, 60 ಶಾಟ್‌ಗೆ ಗರಿಷ್ಠ 654. ಏರ್ ಪಿಸ್ತೂಲಿನಲ್ಲಿ ಪೂರ್ಣಾಂಕ, ಗರಿಷ್ಠ 600. ಹಾಗಾಗಿ ಸ್ಕೋರ್ ಬರೆದಲ್ಲೆಲ್ಲ ಯಾವ ವಿಭಾಗ, ಎಷ್ಟು ಶಾಟ್, ಎಷ್ಟಕ್ಕೆ ಎಷ್ಟು ಎಂದು ಇರಲಿ.

ಹಂತ 7: ಸುರಕ್ಷೆ ಮತ್ತು ಕಾನೂನು

ಇದರಲ್ಲಿ ರಾಜಿ ಬೇಡ. ಯಾರ ಮನೆಯಲ್ಲಿ ಯಾವ ಬಂದೂಕು ಇದೆ, ಎಲ್ಲಿ ಇಡುತ್ತಾರೆ, ಲೈಸೆನ್ಸ್ ನಂಬರ್ ಏನು, ಯಾವಾಗ ಊರಲ್ಲಿರುವುದಿಲ್ಲ ಎಂಬ ಯಾವುದೂ ಪತ್ರಿಕೆಯಲ್ಲಿ ಬರಬಾರದು. ಪತ್ರಿಕೆ ಸದಸ್ಯರಿಗೆ ಮಾತ್ರ ಎಂದುಕೊಂಡರೂ ಅದು ಕ್ಲಿನಿಕ್ಕಿನ ಮೇಜಿನ ಮೇಲೂ ಸಿಗುತ್ತದೆ. ಮಕ್ಕಳ ಹೆಸರು, ಫೋಟೋ ಹಾಕಲು ಮನೆಯವರ ಒಪ್ಪಿಗೆ ಮೊದಲೇ ಪಡೆಯಿರಿ.

ಲೈಸೆನ್ಸ್, ಸಾಗಾಟ, ಏರ್‌ಗನ್ ನಿಯಮಗಳ ಬಗ್ಗೆ ಬರೆಯುವುದಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳನ್ನು ಮುಂದಿಟ್ಟುಕೊಂಡೇ ಬರೆಯಿರಿ, ಯಾವ ನಿಯಮ ಎಂದೂ ನಮೂದಿಸಿ. "ಏನೂ ಬೇಡ, ಹಾಗೇ ತಗೊಂಡು ಹೋಗಬಹುದು" ಎಂಬಂಥ ಮಾತು ನಂಬಿ ಒಬ್ಬ ಸದಸ್ಯ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದರೆ ಅದಕ್ಕೆ ಬರೆದವರೇ ಹೊಣೆ. ಬಂದೂಕಿನ ಒಳಭಾಗ ಬದಲಿಸುವ, ಸ್ಪ್ರಿಂಗ್ ಬಲ ಹೆಚ್ಚಿಸುವ ವಿಧಾನ ಬರೆಯಲೇಬೇಡಿ. ಅಂಗಡಿಯವರು ಬಿಟ್ಟಿಯಾಗಿ ಕೊಟ್ಟ ಸಾಮಾನಿನ ವಿಮರ್ಶೆಯಾದರೆ ಆ ವಿಷಯ ಮೊದಲ ಸಾಲಿನಲ್ಲೇ ಇರಬೇಕು.

ಹಂತ 8: ಫೋಟೋ

ಸೇಫ್ಟಿ ಫ್ಲಾಗ್ (ಒಳಗೆ ಗುಂಡಿಲ್ಲ ಎಂದು ತೋರಿಸುವ ಬಣ್ಣದ ಎಳೆ) ಇಲ್ಲದೆ ಬೆಂಚಿನ ಮೇಲಿಟ್ಟ ರೈಫಲ್, ಟ್ರಿಗರ್ ಮೇಲೆ ಬೆರಳಿಟ್ಟು ಕ್ಯಾಮೆರಾ ಕಡೆ ನಗುತ್ತಿರುವ ಹುಡುಗ, ಜನರ ಕಡೆ ತಿರುಗಿದ ಬ್ಯಾರೆಲ್: ಇಂಥ ಫೋಟೋ ಎಷ್ಟೇ ಚೆನ್ನಾಗಿದ್ದರೂ ಒಳ್ಳೆಯ ಸಂಪಾದಕರು ಹಾಕುವುದಿಲ್ಲ. ಹೊಸಬರು ಲೇಖನ ಓದುವ ಮೊದಲು ಚಿತ್ರ ನೋಡುತ್ತಾರೆ, ನೋಡಿದ್ದನ್ನೇ ಮಾಡುತ್ತಾರೆ.

ರೇಂಜ್ ಆಫೀಸರ್ ಅನುಮತಿ ಪಡೆದು, ಫೈರಿಂಗ್ ಲೈನಿನ ಹಿಂದಿನಿಂದ ತೆಗೆಯಿರಿ. ಫ್ಲ್ಯಾಶ್ ಬೇಡವೇ ಬೇಡ. ಗುಂಪಿಗೆ ಪದಕ ಹಾಕಿ ನಿಲ್ಲಿಸಿದ ಚಿತ್ರಕ್ಕಿಂತ ರೈಫಲ್‌ನ ಸ್ಲಿಂಗ್ (ಪಟ್ಟಿ) ಬಿಗಿಯುವ ಕೈ, ಡೈರಿ ಬರೆಯುತ್ತಿರುವ ಹುಡುಗಿ, ಗೇಜ್ ಹಾಕಿ ನೋಡುತ್ತಿರುವ ಜ್ಯೂರಿ ಚೆನ್ನಾಗಿರುತ್ತದೆ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. ಆರು ಇಂಚು ಅಗಲದ ಚಿತ್ರಕ್ಕೆ 1800 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೋ ಥರ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಎಡದಿಂದ ಬಲಕ್ಕೆ ಯಾರು ಯಾರು, ತೆಗೆದವರು ಯಾರು ಎಂಬುದೂ ಜೊತೆಗಿರಲಿ.

ಹಂತ 9: ಟೈಪ್ ಮಾಡಿ ಕಳಿಸುವುದು

ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿ, ಬರಹ ಯಾವುದಾದರೂ ಸರಿ, ಯೂನಿಕೋಡ್ ಆಯ್ಕೆ ಇರಲಿ. ಹಳೆಯ ಫಾಂಟಿನಲ್ಲಿ ಕಳಿಸಿದರೆ ಸಂಪಾದಕರ ಫೋನಿನಲ್ಲಿ ಬರೀ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಪ್ರೆಸ್ಸಿನವರಿಗೆ ಹಳೆಯ ಫಾಂಟ್ ಬೇಕಿದ್ದರೆ ಅವರೇ ಬದಲಿಸಿಕೊಳ್ಳುತ್ತಾರೆ. ಆಗ ಒತ್ತಕ್ಷರ, ಅರ್ಕಾವತ್ತು ಕೆಲವೊಮ್ಮೆ ಎಡವಟ್ಟಾಗುವುದರಿಂದ ಪ್ರೂಫ್ (ಅಚ್ಚಿಗೆ ಮೊದಲಿನ ಕರಡು ಪ್ರತಿ) ಕೇಳಿ ಪಡೆಯಿರಿ. ಟೈಪಿಂಗ್ ಕಷ್ಟವಾದರೆ ಫೋನಿಗೆ ಕನ್ನಡದಲ್ಲಿ ಹೇಳಿ ಬರೆಸಬಹುದು, ಆದರೆ ಶೂಟಿಂಗ್ ಪದಗಳನ್ನು ಅದು ಏನೇನೋ ಮಾಡಿಡುತ್ತದೆ. ಒಂದು ಸಲ ಪೂರ್ತಿ ತಿದ್ದಿಯೇ ಕಳಿಸಿ. ಕೈಬರಹದಲ್ಲಿ ಕೊಟ್ಟರೂ ತೆಗೆದುಕೊಳ್ಳುವ ಸಂಪಾದಕರಿದ್ದಾರೆ. ಹಿರಿಯರು ಅದಕ್ಕಾಗಿ ಹಿಂಜರಿಯಬೇಕಿಲ್ಲ.

ಹಂತ 10: ತಿದ್ದುಪಡಿ, ಪ್ರೂಫ್, ಆಮೇಲೆ

ಸಂಪಾದಕರು ಕತ್ತರಿ ಹಾಕುತ್ತಾರೆ. ಬೇಸರ ಬೇಡ, ಆದರೆ ಅರ್ಥ ಬದಲಾದಲ್ಲಿ ಹೇಳಿ. ಪ್ರೂಫ್ ಬಂದಾಗ ಮೊದಲು ಹೆಸರು ನೋಡಿ, ಆಮೇಲೆ ಅಂಕಿ, ಆಮೇಲೆ ಫೋಟೋ ಕೆಳಗಿನ ಸಾಲು. ಕಾಗುಣಿತ ಕೊನೆಗೆ. ಸಾಧ್ಯವಾದರೆ ಸ್ಕೋರ್ ಶೀಟನ್ನು ಇನ್ನೊಬ್ಬರು ಓದಲಿ, ನೀವು ಪ್ರೂಫ್ ಮೇಲೆ ಬೆರಳಿಟ್ಟು ನೋಡಿ. ಸಂದರ್ಶನ ಕೊಟ್ಟವರಿಗೆ ಅವರ ಮಾತಿನ ಭಾಗವನ್ನು ಅಚ್ಚಿಗೆ ಹೋಗುವ ಮೊದಲೇ ತೋರಿಸಿ, ಪತ್ರಿಕೆ ಬಂದಾಗ ಒಂದು ಪ್ರತಿ ನೀವೇ ಕೈಗೆ ಕೊಡಿ.

ಇಷ್ಟಾದರೂ ತಪ್ಪು ಉಳಿದಿದ್ದರೆ ಮುಂದಿನ ಸಂಚಿಕೆಯಲ್ಲಿ 'ತಿದ್ದುಪಡಿ' ಎಂದು ಎರಡು ಸಾಲು ಹಾಕಿಸಿ: ಹಿಂದಿನ ಸಂಚಿಕೆಯ ಇಂಥ ಪುಟದಲ್ಲಿ ಇಂಥವರ ಸ್ಕೋರ್ 568 ಎಂದಿದ್ದದ್ದು 586 ಆಗಬೇಕು ಎಂದು. ಆ ಎರಡು ಸಾಲಿಗೆ ಜಾಗ ಇಡಿ ಎಂದು ಸಂಪಾದಕರಿಗೆ ಪುಟ ಕಟ್ಟುವ ಮೊದಲೇ ಹೇಳಿ.